ಯೇಟ್ಸ್ ಕವಿಯ ನಾಡಿನಲ್ಲಿ

ಐರ್ಲೆಂಡ್ ದೇಶದ ವಾಯವ್ಯ ತೀರದಲ್ಲಿ ಸ್ಲೈಗೊ ಎಂಬುದೊಂದು ಪಟ್ಟಣವಿದೆ. ಊರು ಹಿರಿದಲ್ಲ. ಗಿಲ್ ಎಂಬ ಸರೋವರದಿಂದ ಹೊರಟ ಕಿರುಹೊಳೆಯೊಂದು ಊರ ನಡುವೆ ಹರಿದು ಅಲ್ಲಿಯೇ ಕಡಲನ್ನು ಸೇರುತ್ತದೆ. ಉತ್ತರಕ್ಕೆ ಬೆನ್ ಬುಲ್ಬೆನ್ ಎಂಬ ಸುಣ್ಣಕಲ್ಲಿನ ಬೆಟ್ಟವು, ತಲೆಯನ್ನು ಕತ್ತಿಯಿಂದ ಸವರಿದಂತೆ ಚಪ್ಪಟೆಯಾಗಿ, ದಡಕ್ಕೆಳೆದು ಮಗುಚಿಟ್ಟ ಹಡಗಿನಂತೆ ನಿಂತಿದೆ. ಡಬ್ಲಿನ್ ನಗರದಿಂದ ರೈಲುಬಂಡಿಯಲ್ಲಿ ಸುಮಾರು ಮೂರು ಗಂಟೆಗಳ ದಾರಿ. ನಮ್ಮ ಮಗಳೂ ಅಳಿಯನೂ ಉದ್ಯೋಗನಿಮಿತ್ತವಾಗಿ ಡಬ್ಲಿನ್ನಿನಲ್ಲಿರುವುದರಿಂದ, ಕಳೆದ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಆ ದೇಶವನ್ನು ನೋಡುವ ಯೋಗವು ನಮಗೊದಗಿತು. ಮಿಕ್ಕ ಪ್ರವಾಸಿಗಳು ಅಲ್ಲಿ ನೋಡತಕ್ಕ ಕಡಲಬಂಡೆಗಳನ್ನೂ ಕೋಟೆಕೊತ್ತಲಗಳನ್ನೂ ನಾವು ಅಷ್ಟಾಗಿ ನೋಡಲಿಲ್ಲ. ಮೂವತ್ತು ವರುಷ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ, ಆಂಗ್ಲಭಾಷೆಯ ಉಪಾಧ್ಯಾಯರು ರಜೆ ಪಡೆದಾಗಲೆಲ್ಲ ಅವರ ಪದ್ಯಪಾಠವನ್ನೂ ನಡೆಸಿದವರು ನಾವು. ಆ ಪದ್ಯಪಾಠಗಳಲ್ಲಿ ನಮ್ಮ ಮನಸ್ಸಿಗೆ ಹತ್ತಿದ್ದವನು ವಿಲಿಯಂ ಬಟ್ಲರ್ ಯೇಟ್ಸ್ ಎಂಬ ಕವಿಯೊಬ್ಬನೇ. ಆತನ ನಾಡನ್ನು ನೋಡಿದರೆ ಸಾಕೆಂದು ಮಗಳಿಗೆ ಹೇಳಿದೆವು.

ಯೇಟ್ಸನು 1865ರ ಜೂನ್ 13ರಂದು ಡಬ್ಲಿನ್ನಿನಲ್ಲಿ ಜನಿಸಿದವನು. ತಂದೆ ಚಿತ್ರಕಾರ, ಆದಕಾರಣ ಮನೆಯಲ್ಲಿ ಮಾತು ಹೇರಳ, ಹಣ ವಿರಳ. ತಾಯಿಯ ತವರು ಸ್ಲೈಗೊ. ಲಂಡನ್ನಿಗೂ ಸ್ಲೈಗೊಗೂ ನಡುವೆ ಹಂಚಿಹೋದ ಬಾಲ್ಯದಲ್ಲಿ ಅಜ್ಜನ ಊರೇ ಹುಡುಗನಿಗೆ ನಿಜವಾದ ಊರಾಯಿತು. ಅಜ್ಜನ ಮನೆಯ ಸುಖವನ್ನು ನಮ್ಮ ವಾಚಕರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ.

ಗಿಲ್ ಸರೋವರದ ತೆಂಕಣ ದಡದ ಬಳಿ ಇನಿಸ್‌ಫ್ರೀ ಎಂಬ ಪುಟ್ಟ ದ್ವೀಪವಿದೆ. ಹೆದರ್ ಎಂಬ ಕುರುಚಲು ಹೂಗಿಡದ ದ್ವೀಪವೆಂದು ಐರಿಷ್ ಭಾಷೆಯಲ್ಲಿ ಅದರ ಅರ್ಥ. ನಾವು ದೋಣಿಯಲ್ಲಿ ಹೋಗಿ ನೋಡಿದೆವು. ದೋಣಿಯು ದ್ವೀಪಕ್ಕೆ ತಾಗಲಿಲ್ಲ; ಸುತ್ತುಬಳಸಿ ಬಂದಿತು. ಕಲ್ಲು, ಪೊದೆ, ಒತ್ತಾಗಿ ಬೆಳೆದ ಮರಗಳು. ನಮ್ಮ ಊರಿನ ಕೆರೆಯ ನಡುಗಡ್ಡೆಯಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ದೋಣಿಯಲ್ಲಿದ್ದ ಇಪ್ಪತ್ತು ಮಂದಿಯೂ, ಅವರಲ್ಲಿ ಬಹುಮಂದಿ ಪರದೇಶಿಗಳು, ಆ ಪೊದೆಯನ್ನು ಕಂಡೊಡನೆ ಮೌನವಾದರು. ಒಂದು ಪದ್ಯವು ಒಂದು ಕಲ್ಲುಗುಡ್ಡೆಗೆ ಇಷ್ಟನ್ನು ಮಾಡಬಲ್ಲುದು.

ಆ ಪದ್ಯವು ಹುಟ್ಟಿದ ಬಗೆಯನ್ನು ಕವಿಯೇ ತನ್ನ ಆತ್ಮಕಥೆಯಲ್ಲಿ ಹೇಳಿರುವನು. 1888ರಲ್ಲಿ, ಆತನಿಗೆ 23 ವರ್ಷ ವಯಸ್ಸಾಗಿದ್ದಾಗ, ಲಂಡನ್ನಿನ ಫ್ಲೀಟ್ ಬೀದಿಯಲ್ಲಿ ಊರ ನೆನಪಿನಿಂದ ಬೇಸತ್ತು ನಡೆಯುತ್ತಿರುವಲ್ಲಿ, ಅಂಗಡಿಯೊಂದರ ಗಾಜಿನ ಹಿಂದೆ ಒಂದು ಕಾರಂಜಿ ಕಂಡಿತು. ಚಿಮ್ಮುವ ನೀರಿನ ತುದಿಯಲ್ಲಿ ಒಂದು ಚೆಂಡು ಆಡುತ್ತಿತ್ತು. ನೀರಿನ ಕಿಣಿಕಿಣಿಯನ್ನು ಕೇಳಿದೊಡನೆ ಗಿಲ್ ಸರೋವರವು ನೆನಪಿಗೆ ಬಂದಿತು. ದ್ವೀಪದಲ್ಲಿ ಗುಡಿಸಲು ಕಟ್ಟಿ, ಅವರೆಯ ಸಾಲುಗಳನ್ನು ಬೆಳೆದು, ಜೇನು ಸಾಕಿಕೊಂಡು ಒಂಟಿಯಾಗಿ ಬಾಳಬೇಕೆಂಬ ಹಂಬಲವೇ ಪದ್ಯದ ವಸ್ತು. 1890ರಲ್ಲಿ ಅದು ಅಚ್ಚಾಯಿತು. ಅಂದಿನಿಂದ ಇಂದಿನವರೆಗೆ ಆತನ ಹೆಸರೆತ್ತಿದರೆ ಜನರ ಬಾಯಿಗೆ ಮೊದಲು ಬರತಕ್ಕದ್ದು ಆ ಪದ್ಯವೇ.

ಇನ್ನು ವಿಚಿತ್ರವನ್ನು ಕೇಳಬೇಕು. ಅದೇ ಆತ್ಮಕಥೆಯಲ್ಲಿ, ತನ್ನದೇ ಆದ ಲಯವುಳ್ಳ ಮೊದಲ ಗೀತೆ ಇದೆಂದು ಒಪ್ಪಿಕೊಂಡ ಮರುಕ್ಷಣವೇ, ಇನ್ನೆರಡು ವರ್ಷ ಕಳೆದಿದ್ದರೆ ಮೊದಲ ಸಾಲನ್ನು ಹಾಗೆ ಬರೆಯುತ್ತಿರಲಿಲ್ಲವೆಂದು ಕವಿಯು ಹೇಳುತ್ತಾನೆ. ಕಾರಣವೇನು? ಅಲ್ಲಿಯ ಮಾತು ಬೈಬಲ್ಲಿನ ಹಳೆಯ ಧಾಟಿಯದು, ಬಾಯಮಾತಲ್ಲ. ಕೊನೆಯ ಭಾಗದಲ್ಲಿ ಪದಗಳ ಸಹಜಕ್ರಮವೂ ತಿರುಗುಮುರುಗಾಗಿದೆ. ಈ ಎರಡನೆಯ ಆಕ್ಷೇಪವನ್ನು ಓದಿದಾಗಲೆಲ್ಲ ನಮಗೆ ನಗು ಬರುತ್ತಿತ್ತು. ಸಂಸ್ಕೃತವನ್ನು ಓದಿದವನಿಗೆ ಪದಗಳು ಶ್ಲೋಕದೊಳಗೆ ಎಲ್ಲಿ ಬೇಕಾದರೂ ಕುಳಿತಿರಬಹುದು. ವಿಭಕ್ತಿ ಪ್ರತ್ಯಯವು ಕೈಹಿಡಿದು ಸೇರಬೇಕಾದಲ್ಲಿಗೆ ಸೇರಿಸುತ್ತದೆ. ಅನ್ವಯ ಹೇಳಿಸುವುದೇ ನಮ್ಮ ಪಾಠದ ಅರ್ಧಭಾಗ. ಆದರೂ ನಮ್ಮ ಆಲಂಕಾರಿಕರು ದೂರಾನ್ವಯವನ್ನು ದೋಷಗಳ ಪಟ್ಟಿಯಲ್ಲಿ ಸೇರಿಸಿರುವರಷ್ಟೆ. ಪ್ರತ್ಯಯಗಳ ಆಸರೆಯಿಲ್ಲದ ಆಂಗ್ಲಭಾಷೆಯಲ್ಲಿ ಆ ದೋಷವು ಇಮ್ಮಡಿಯಾಗಿ ಚುಚ್ಚುವುದು ಸಹಜವೆಂದು ಆಮೇಲೆ ಹೊಳೆಯಿತು.

ಸ್ಲೈಗೊದಿಂದ ಉತ್ತರಕ್ಕೆ ಕೆಲವು ಮೈಲಿಗಳ ದೂರದಲ್ಲಿ, ಬೆನ್ ಬುಲ್ಬೆನ್ ಬೆಟ್ಟದ ಅಡಿಯಲ್ಲಿ, ಡ್ರಮ್‌ಕ್ಲಿಫ್ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಯೇಟ್ಸನ ಸಮಾಧಿಯಿದೆ. ಆತನ ಮುತ್ತಜ್ಜನು ಅಲ್ಲಿಯ ಪಾದ್ರಿಯಾಗಿದ್ದನು. ಕವಿಯು ತೀರಿಕೊಂಡದ್ದು 1939ರ ಜನವರಿ 28ರಂದು, ಫ್ರಾನ್ಸ್ ದೇಶದ ತೆಂಕಣ ಕಡಲ ದಂಡೆಯಲ್ಲಿ. ಯುದ್ಧದ ದೆಸೆಯಿಂದ ದೇಹವು ಅಲ್ಲಿಯೇ ಉಳಿದು, 1948ರಲ್ಲಿ ಐರಿಷ್ ನೌಕೆಯೊಂದರಲ್ಲಿ ಸ್ವದೇಶಕ್ಕೆ ಬಂದಿತು. ಬೂದುಬಣ್ಣದ ಸರಳವಾದ ಶಿಲೆ, ಅದರ ಮೇಲೆ ತಾನೇ ಮೊದಲು ಬರೆದಿಟ್ಟ ಮೂರು ಸಾಲು, ಸ್ತುತಿಯಿಲ್ಲ, ಬಿರುದಿಲ್ಲ. ನೊಬೆಲ್ ಬಹುಮಾನ ಪಡೆದವನೆಂಬ ಮಾತು ಕೂಡ ಅಲ್ಲಿ ಕಾಣದು. ಅಲ್ಲಿಂದ ಪಟ್ಟಣಕ್ಕೆ ಮರಳಿ, ಕವಿಯ ಕಂಚಿನ ವಿಗ್ರಹವನ್ನು ನೋಡಿದೆವು. ಶಿಲ್ಪಿಯು ಆತನಿಗೆ ತೊಡಿಸಿರುವ ನಿಲುವಂಗಿಯ ಮೇಲೆಲ್ಲ ಆತನ ಪದ್ಯಗಳ ಅಕ್ಷರಗಳೇ ತುಂಬಿಕೊಂಡಿವೆ. ನೋಡಲು ಚೆನ್ನಾಗಿದೆ, ಆದರೆ ವಿಗ್ರಹಕ್ಕೆ ಬಾಯಿದ್ದರೆ ಆ ಅಂಗಿಯನ್ನು ತೆಗೆಯಿರೆಂದು ಕೇಳುತ್ತಿತ್ತೋ ಏನೋ. ಅದೇಕೆಂಬುದನ್ನು ಮುಂದೆ ಹೇಳುವೆವು.

ಮರುದಿನ ಮೋಟಾರು ಬಸ್ಸಿನಲ್ಲಿ ತೆಂಕಮುಖವಾಗಿ ಗಾಲ್ವೆಗೂ, ಅಲ್ಲಿಂದ ರೈಲಿನಲ್ಲಿ ಗಾರ್ಟ್ ಎಂಬ ಚಿಕ್ಕ ಊರಿಗೂ ಹೋದೆವು. ಗಾರ್ಟಿನ ಬಳಿಯಲ್ಲಿಯೇ ಲೇಡಿ ಗ್ರೆಗರಿ ಎಂಬ ವಿದುಷಿಯ ಕೂಲ್ ಉದ್ಯಾನವಿರುವುದು. 1897ರಿಂದ ಮೊದಲುಗೊಂಡು ಹಲವಾರು ಬೇಸಗೆಗಳನ್ನು ಯೇಟ್ಸನು ಅಲ್ಲಿ ಕಳೆದನು. ಆಕೆಯು ಆತನಿಗೆ ಹಾಸಿಗೆ, ಊಟ, ಬರೆಯುವ ಮೇಜು ಇವನ್ನಲ್ಲದೆ, ಹಳ್ಳಿಗರ ಗುಡಿಸಲುಗಳಿಗೆ ಕರೆದೊಯ್ದು ಅವರ ಕತೆಗಳನ್ನೂ ದೊರಕಿಸಿದಳು. ಆ ಮನೆಯು ಈಗಿಲ್ಲ, 1941ರಲ್ಲಿ ಕೆಡವಿಹಾಕಿದರು. ಅಡಿಪಾಯದ ಗುರುತು ಮಾತ್ರ ಹುಲ್ಲಿನ ನಡುವೆ ಉಳಿದಿದೆ. ಕಾಡೂ ಸರೋವರವೂ ಸರ್ಕಾರದ ರಕ್ಷಣೆಯಲ್ಲಿವೆ. ತೋಟದೊಳಗಣ ಒಂದು ದೊಡ್ಡ ತಾಮ್ರವರ್ಣದ ಬೀಚ್ ಮರದ ತೊಗಟೆಯಲ್ಲಿ ಯೇಟ್ಸ್, ಸಿಂಜ್, ಬರ್ನಾರ್ಡ್ ಷಾ ಮುಂತಾದವರು ಕೊರೆದ ಹೆಸರಿನ ಅಕ್ಷರಗಳಿವೆ. ಮರವು ಬೆಳೆದಂತೆ ಅಕ್ಷರಗಳೂ ಹಿಗ್ಗಿ ವಿಕಾರವಾಗಿವೆ. ನಮ್ಮ ಶಾಲೆಯ ಬೆಂಚುಗಳ ಮೇಲೆ ಇಂತಹ ಕೆತ್ತನೆಗಾಗಿ ಎಷ್ಟೋ ಹುಡುಗರು ನಮ್ಮಿಂದ ಏಟು ತಿಂದಿರುವರು!

ಸರೋವರದ ವಿಶೇಷವನ್ನು ಹೇಳಲೇಬೇಕು. ಆ ಪ್ರಾಂತದ ನೆಲವೆಲ್ಲ ಸುಣ್ಣಕಲ್ಲು; ಹೊಳೆಗಳು ಇದ್ದಕ್ಕಿದ್ದಂತೆ ನೆಲದೊಳಗೆ ಇಳಿದು ಮಾಯವಾಗಿ ಬೇರೆಲ್ಲಿಯೋ ಮೇಲೇಳುತ್ತವೆ. ಕೂಲ್ ಸರೋವರದ ನೀರೂ ನೆಲದಡಿಯ ಬಿಲಗಳ ಮೂಲಕ ಏರುತ್ತ ಇಳಿಯುತ್ತ ಇರುವುದು. ಚಳಿಗಾಲದಲ್ಲಿ ಮರಗಳ ಬುಡದವರೆಗೆ ತುಂಬಿ, ಬೇಸಗೆಯಲ್ಲಿ ಬಹುದೂರ ಹಿಂದೆಸರಿಯುತ್ತದೆ. ನಾವು ಹೋದಾಗ ನೀರು ತಗ್ಗಿತ್ತು. ಕಲ್ಲುದಂಡೆಯಾಚೆ ಏಳೆಂಟು ಹಂಸಗಳು ತೇಲುತ್ತಿದ್ದುವು. ಹಂಸವೆಂದರೆ ಕಾಳಿದಾಸ ಬಾಣರ ಪುಟಗಳಲ್ಲಿ ಮಾತ್ರ ಕಂಡ ನಮಗೆ ಆ ಬಿಳುಪನ್ನು ಕಣ್ಣಾರೆ ನೋಡುವ ಭಾಗ್ಯವು ಅಲ್ಲಿ ದೊರೆಯಿತು.

ಈ ಸ್ಥಳಕ್ಕೆ ಬರುವಾಗ ಯೇಟ್ಸನಿಗೆ ಕಾವ್ಯದ ವಿಷಯದಲ್ಲಿದ್ದ ನಂಬಿಕೆಯು 1900ರ ಒಂದು ಪ್ರಬಂಧದಲ್ಲಿ ಸ್ಪಷ್ಟವಾಗಿದೆ. ಛಂದಸ್ಸಿನ ಲಯವು ಮನಸ್ಸನ್ನು ನಿದ್ರೆಗೂ ಎಚ್ಚರಕ್ಕೂ ನಡುವಣ ಸಂಧಿಯಲ್ಲಿ ತೂಗಿ ನಿಲ್ಲಿಸತಕ್ಕದ್ದು. ಆ ಸ್ಥಿತಿಯಲ್ಲಿ ಸಂಕೇತಗಳು ತಮ್ಮ ಕೆಲಸವನ್ನು ಮಾಡುವುವು. ಲೋಕವ್ಯವಹಾರದ ಗದ್ದಲಕ್ಕೆ ಅಲ್ಲಿ ಪ್ರವೇಶವಿಲ್ಲ. ಇದನ್ನು ಓದಿದ ಸಂಸ್ಕೃತ ವಿದ್ಯಾರ್ಥಿಗೆ ತನ್ನ ಮನೆಯ ಮಾತನ್ನೇ ಪರಭಾಷೆಯಲ್ಲಿ ಕೇಳಿದಂತಾಗುವುದು. ವ್ಯಂಜನೆ, ಸಹೃದಯನ ತನ್ಮಯತೆ, ವಿಷಯಾಂತರಗಳೆಲ್ಲ ಕರಗಿಹೋಗುವ ರಸಾನುಭವ, ಇವೆಲ್ಲ ಅಲ್ಲಿವೆ. ಆದರೆ ಒಂದು ವ್ಯತ್ಯಾಸವುಂಟು. ನಮ್ಮ ಆಚಾರ್ಯರು ರಸವನ್ನು ನಾಟಕಶಾಲೆಯಲ್ಲಿ ಕಂಡುಕೊಂಡು ಆಮೇಲೆ ಕಾವ್ಯಕ್ಕೆ ತಂದರು. ಯೇಟ್ಸನು ಕಾವ್ಯದ ಮಂಪರಿನಿಂದ ಹೊರಟು ನಾಟಕಶಾಲೆಗೆ ಹೋದನು; ಅಲ್ಲಿ ಆತನಿಗೆ ಎಚ್ಚರವಾಯಿತು.

1904ರ ಡಿಸೆಂಬರಿನಲ್ಲಿ ಡಬ್ಲಿನ್ನಿನ ಆ್ಯಬೆ ನಾಟಕಶಾಲೆಯು ತೆರೆಯಿತು. ಗ್ರೆಗರಿಯೂ ಸಿಂಜನೂ ಯೇಟ್ಸನೂ ಅದರ ಹೊಣೆ ಹೊತ್ತರು. ನಟರ ಜಗಳ, ಟಿಕೀಟಿನ ಲೆಕ್ಕ, ಪತ್ರಿಕೆಗಳ ಬೈಗಳು. 1907ರಲ್ಲಿ ಸಿಂಜನ ನಾಟಕವೊಂದರ ಕಾಲಕ್ಕೆ ಸಭಾಂಗಣದಲ್ಲಿಯೇ ದೊಂಬಿ. ರಂಗದ ಮೇಲೆ ನಿಂತು ಆಡಿದ ಮಾತು ಹಿಂದಣ ಸಾಲಿನಲ್ಲಿ ಕುಳಿತವನಿಗೆ ಒಂದೇ ಸಲಕ್ಕೆ ತಿಳಿಯಬೇಕು; ಮಂಜಿನೊಳಗಿಂದ ಬರುವ ಮಾತು ಅಲ್ಲಿ ನಡೆಯದು. ಈ ಹತ್ತು ವರ್ಷಗಳ ಚಾಕರಿಯು ಆತನ ಪದ್ಯದ ಎಲುಬನ್ನೇ ಬದಲಿಸಿತು. 1914ರಲ್ಲಿ ಹೊರಬಂದ ಸಂಕಲನದ ಕೊನೆಯಲ್ಲಿ ಒಂದು ಚಿಕ್ಕ ಪದ್ಯವಿದೆ. ಹಳೆಯ ಪುರಾಣಗಳ ಕಸೂತಿ ಹಾಕಿ ತನ್ನ ಹಾಡಿಗೆ ತಾನು ಹೊಲಿಸಿದ್ದ ಮೇಲಂಗಿಯನ್ನು ಮೂಢರು ಕದ್ದು ತೊಟ್ಟುಕೊಂಡರೆಂದೂ, ಇನ್ನು ಅದಿಲ್ಲದೆಯೇ ನಡೆಯುವುದು ಹೆಚ್ಚಿನ ಸಾಹಸವೆಂದೂ ಅದರ ತಾತ್ಪರ್ಯ. ಸ್ಲೈಗೊದ ವಿಗ್ರಹದ ಅಂಗಿಯನ್ನು ಕುರಿತು ನಾವು ಹೇಳಿದ ಮಾತು ಈಗ ವಾಚಕರಿಗೆ ತಿಳಿದಿರಬಹುದು.

ಅಲಂಕಾರವನ್ನು ಬಿಟ್ಟರೆ ಕಾವ್ಯವು ಉಳಿಯುವುದೆ? ಹಿಂದಿನವರು ಈ ವಿಷಯದಲ್ಲಿ ಶತಮಾನಗಳ ವಾದ ನಡೆಸಿದ್ದಾರೆ. ಯೇಟ್ಸನು ಬಿಟ್ಟದ್ದು ಆಭರಣವನ್ನು ಮಾತ್ರ. ಛಂದಸ್ಸನ್ನೂ ಪ್ರಾಸವನ್ನೂ ಬಿಡಲಿಲ್ಲವೆಂಬುದನ್ನು ಗಮನಿಸಬೇಕು. 1913ರಿಂದ 1916ರವರೆಗೆ ಮೂರು ಚಳಿಗಾಲಗಳನ್ನು ಆತನೊಡನೆ ಸಸೆಕ್ಸಿನ ಕಲ್ಲುಗುಡಿಸಲೊಂದರಲ್ಲಿ ಕಳೆದ ಎಜ್ರಾ ಪೌಂಡನೆಂಬ ಅಮೆರಿಕದ ತರುಣಕವಿಯು ಹಳೆಯ ಛಂದಸ್ಸನ್ನು ಒಡೆಯುವ ಪಕ್ಷದವನು. ಆತನಿಂದ ಜಪಾನಿನ ನೋ ನಾಟಕಗಳ ಪರಿಚಯವನ್ನೂ ಮಾತಿನ ಮಿತವನ್ನೂ ಯೇಟ್ಸನು ಪಡೆದನು. ಛಂದೋಭಂಗವನ್ನು ಮಾತ್ರ ಪಡೆಯಲಿಲ್ಲ. ತನಗಿಂತ ಇಪ್ಪತ್ತು ವರ್ಷ ಕಿರಿಯನಿಂದ ಕಲಿಯುವುದು ಎಷ್ಟು ಕಷ್ಟವೆಂಬುದು ಉಪಾಧ್ಯಾಯರಿಗೆ ಚೆನ್ನಾಗಿ ಗೊತ್ತು.

ನಮ್ಮ ಮನಸ್ಸನ್ನು ಆ ಸರೋವರದ ದಂಡೆಯಲ್ಲಿ ಬಹಳ ಹೊತ್ತು ಹಿಡಿದು ನಿಲ್ಲಿಸಿದ ವಿಷಯವು ಬೇರೊಂದು. 1902ರಲ್ಲಿ ಯೇಟ್ಸನೂ ಲೇಡಿ ಗ್ರೆಗರಿಯೂ ಸೇರಿ ಬರೆದ ಒಂದು ಪುಟ್ಟ ನಾಟಕವಿದೆ. ಮದುವೆಯ ಮುನ್ನಾದಿನ ಮನೆಗೆ ಬಂದ ಒಬ್ಬ ಮುದುಕಿಯ ಮಾತನ್ನು ಕೇಳಿ ಮದುವಣಿಗನು ಎಲ್ಲವನ್ನೂ ತೊರೆದು ದೇಶಕ್ಕಾಗಿ ಹೋರಾಡಲು ಹೊರಟುಬಿಡುತ್ತಾನೆ. ಮುದುಕಿಯೇ ಐರ್ಲೆಂಡ್ ಮಾತೆ. ಡಬ್ಲಿನ್ನಿನ ಯುವಕರು ಅದನ್ನು ನೋಡಿ ಹುಚ್ಚೆದ್ದುಹೋದರು. 1916ರ ಏಪ್ರಿಲ್ ತಿಂಗಳಿನಲ್ಲಿ ದಂಗೆಯಾಯಿತು. ಮೇ ತಿಂಗಳಿನಲ್ಲಿ ಬ್ರಿಟಿಷ್ ಸರ್ಕಾರವು 15 ಮಂದಿಯನ್ನು ಗುಂಡಿಕ್ಕಿ ಕೊಂದಿತು. ಸತ್ತವರಲ್ಲಿ ಕೆಲವರನ್ನು ಯೇಟ್ಸನು ಬಲ್ಲವನಾಗಿದ್ದನು. ಹಿಂದೆ ಅವರನ್ನು ಕುರಿತು ಹಾಸ್ಯವನ್ನೂ ಮಾಡಿದ್ದನು. ಆ ವರ್ಷ ಅವರ ಮೇಲೆ ಬರೆದ ಪದ್ಯದಲ್ಲಿ ಸ್ತುತಿಯೊಡನೆ ಸಂಶಯವೂ ಸೇರಿಕೊಂಡಿತು. ಮುಂದೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ, ಸಾವು ಹತ್ತಿರವಾಗಿದ್ದ ಮುದುಕನು, ತನ್ನ ಆ ನಾಟಕವೇ ಕೆಲವರನ್ನು ಬಂದೂಕಿನ ಬಾಯಿಗೆ ಕಳುಹಿಸಿತೋ ಎಂದು ಒಂದು ಪದ್ಯದಲ್ಲಿ ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ಉತ್ತರವನ್ನು ಆತನು ಹೇಳಲಿಲ್ಲ. ತರುಣನಾಗಿದ್ದಾಗ ಕವಿತೆಯು ಜನಾಂಗದ ಮನಸ್ಸನ್ನು ಕಟ್ಟಬಲ್ಲುದೆಂದು ಹೆಮ್ಮೆಯಿಂದ ನಂಬಿದವನಿಗೆ ಅದೇ ನಂಬಿಕೆಯು ವೃದ್ಧಾಪ್ಯದಲ್ಲಿ ನಿದ್ರೆಗೆಡಿಸಿತು. ನಾಲ್ಕು ಸಾಲು ಪದ್ಯವನ್ನು ಸಾವಿರ ಹುಡುಗರಿಂದ ಬಾಯಿಪಾಠ ಮಾಡಿಸಿದವರೂ ಈ ಪ್ರಶ್ನೆಯನ್ನು ಒಮ್ಮೆ ತಮಗೆ ಹಾಕಿಕೊಳ್ಳಬಹುದು.

ಭಾಷೆಯ ವಿಷಯವೊಂದು ಉಳಿದಿದೆ. 1912ರಲ್ಲಿ ರವೀಂದ್ರನಾಥ ಠಾಕೂರರ ಆಂಗ್ಲ ಗೀತಾಂಜಲಿಗೆ ಮುನ್ನುಡಿ ಬರೆದು ಪಶ್ಚಿಮಕ್ಕೆ ಪರಿಚಯಿಸಿದವನು ಯೇಟ್ಸನೇ. ಆದರೆ 1935ರಲ್ಲಿ ಮಿತ್ರನಿಗೆ ಬರೆದ ಪತ್ರವೊಂದರಲ್ಲಿ ಠಾಕೂರರ ಮುಂದಿನ ಆಂಗ್ಲಾನುವಾದಗಳ ಮೇಲೆ ಆತನು ಸಿಡಿದುಬಿದ್ದಿದ್ದಾನೆ. ಬಾಲ್ಯದಲ್ಲಿ ಕಲಿಯದ, ಚಿಂತನೆಯ ಭಾಷೆಯಾಗದ ಭಾಷೆಯಲ್ಲಿ ಯಾರೂ ನಾದವುಳ್ಳ ಮಾತನ್ನು ಬರೆಯಲಾರರೆಂಬುದು ಆತನ ಮತ. ಮಾತು ಒರಟು, ಠಾಕೂರರಂತಹವರಿಗೆ ಸಲ್ಲತಕ್ಕ ಮರ್ಯಾದೆಯು ಅದರಲ್ಲಿಲ್ಲ. ತತ್ತ್ವವು ಮಾತ್ರ ಸುಳ್ಳಲ್ಲ. ಯೇಟ್ಸನಿಗೆ ಆ ನೋವು ಸ್ವಂತದ್ದೂ ಆಗಿತ್ತು. ಐರಿಷ್ ತನ್ನ ದೇಶಭಾಷೆಯಾದರೂ ಮಾತೃಭಾಷೆಯಲ್ಲವೆಂದು 1937ರಲ್ಲಿ ಬರೆದಿದ್ದಾನೆ. ಇದನ್ನು ಓದುವಾಗ ಕನ್ನಡಿಗರಿಗೆ ಇನ್ನೊಬ್ಬ ಐರಿಷ್ ಕವಿಯು ನೆನಪಾಗದಿರನು. 1902ರಲ್ಲಿ ಅದೇ ಡಬ್ಲಿನ್ನಿನ ನಾಟಕ ಚಳವಳಿಯಲ್ಲಿ ಯೇಟ್ಸನ ಜತೆಗೆ ತನ್ನ ನಾಟಕಗಳನ್ನೂ ಆಡಿಸಿದ ಜೇಮ್ಸ್ ಕಸಿನ್ಸನು 1915ರಲ್ಲಿ ಭರತಖಂಡಕ್ಕೆ ಬಂದನು. 1924ರಲ್ಲಿ ಮೈಸೂರಿನಲ್ಲಿ, ಆಂಗ್ಲಭಾಷೆಯಲ್ಲಿ ಪದ್ಯ ಬರೆದುಕೊಂಡು ತನ್ನ ಬಳಿಗೆ ಬಂದ ಒಬ್ಬ ಮಲೆನಾಡ ತರುಣನಿಗೆ, ನಿನ್ನ ತಾಯ್ನುಡಿಯಲ್ಲಿ ಬರೆ ಎಂದು ಬುದ್ಧಿ ಹೇಳಿದವನು ಈತನೇ. ಆ ತರುಣನೇ ಕುವೆಂಪು. ತನ್ನ ದೇಶಭಾಷೆಯನ್ನು ಕಳೆದುಕೊಂಡ ನಾಡಿನವನು ಬಂದು ನಮ್ಮ ಭಾಷೆಯನ್ನು ನಮಗೆ ತೋರಿಸಿಕೊಟ್ಟನು. ಗಾರ್ಟಿನ ರೈಲು ನಿಲ್ದಾಣದ ಹಲಗೆಯಲ್ಲಿ ಐರಿಷ್, ಆಂಗ್ಲ ಎರಡೂ ಲಿಪಿಸಿದ್ದವು. ನಮ್ಮ ಕಿವಿಗೆ ಬಿದ್ದದ್ದು ಆಂಗ್ಲವೊಂದೇ.

ಕೂಲ್ ಉದ್ಯಾನದಿಂದ ಮೂರು ನಾಲ್ಕು ಮೈಲಿ ದೂರದಲ್ಲಿ ಥೂರ್ ಬ್ಯಾಲಿಲೀ ಇದೆ. ಹೊಳೆಯ ಅಂಚಿನಲ್ಲಿ ನಿಂತ ಹಳೆಯ ನಾರ್ಮನ್ ಕಾಲದ ಚೌಕಗೋಪುರ. ಒಂದರ ಮೇಲೊಂದು ನಾಲ್ಕು ಕೊಠಡಿ. ಗೋಡೆಯೊಳಗೆ ಸುತ್ತಿಕೊಂಡು ಏರುವ ಕಲ್ಲಿನ ಮೆಟ್ಟಲು. 1917ರಲ್ಲಿ 35 ಪೌಂಡು ಕೊಟ್ಟು ಯೇಟ್ಸನು ಇದನ್ನು ಕೊಂಡನು. ಅದೇ ಅಕ್ಟೋಬರಿನಲ್ಲಿ, 52ನೆಯ ವಯಸ್ಸಿನಲ್ಲಿ, ಮದುವೆಯಾದನು. ಅಂತರ್ಯುದ್ಧದ ಕಾಲಕ್ಕೆ, 1922ರಲ್ಲಿ, ದಂಗೆಗಾರರು ಬಂದು, ಸೇತುವೆಯನ್ನು ಸಿಡಿಸುವೆವೆಂದು ಮನೆಯವರಿಗೆ ವಿನಯದಿಂದಲೇ ತಿಳಿಸಿ ಸಿಡಿಸಿದರಂತೆ. ದ್ವೀಪದಲ್ಲಿ ಗುಡಿಸಲು ಕಟ್ಟಬೇಕೆಂದಿದ್ದ 23ರ ಹುಡುಗನು ಕೊನೆಗೆ ಕಟ್ಟಿಕೊಂಡ ಮನೆ ಇದು: ಮರದ ನೆರಳಲ್ಲ, ಕಲ್ಲು, ಏಕಾಂತವಲ್ಲ, ಹೆಂಡತಿ ಮಕ್ಕಳು, ಬಂದೂಕಿನ ಸದ್ದು.

ಇಲ್ಲಿ ಬರೆದ ಪದ್ಯಗಳು 1928ರಲ್ಲಿ ಗೋಪುರದ ಹೆಸರಿನಲ್ಲಿಯೇ ಹೊರಬಂದುವು. ಆತನ ಅತ್ಯುತ್ತಮ ಕೃತಿಯೆಂದು ನಮ್ಮ ಅಭಿಪ್ರಾಯ. ತನ್ನೊಳಗಣ ವಿರೋಧದಿಂದ ಮಾತ್ರ ಕವಿತೆ ಹುಟ್ಟುವುದೆಂದೂ ಪರರೊಡನೆ ವಾದದಿಂದ ಹುಟ್ಟುವುದು ಬರಿಯ ಭಾಷಣವೆಂದೂ ಈ ಹೊತ್ತಿಗೆ ಆತನು ನಿಶ್ಚಯಿಸಿದ್ದನು. ಹೆಂಡತಿಯ ಮೂಲಕ ಭೂತಪ್ರೇತಗಳಿಂದ ಬಂದಿತೆಂದು ಹೇಳಿ ಬರೆದ ತತ್ತ್ವಗ್ರಂಥವೊಂದೂ ಉಂಟು. ಚಂದ್ರಕಲೆಗಳಂತೆ ಮನುಷ್ಯರನ್ನೂ ಯುಗಗಳನ್ನೂ ಅದು ವಿಂಗಡಿಸುತ್ತದೆ. ಅದರ ಜ್ಯೌತಿಷವು ನಮಗೆ ರುಚಿಸಲಿಲ್ಲ. ಕವಿತೆಗೆ ರೂಪಕಗಳನ್ನು ಒದಗಿಸಲೆಂದೇ ಬಂದೆವೆಂದು ಆ ಪ್ರೇತಗಳು ಹೇಳಿದವೆಂದು ಕವಿಯು ಬರೆದಿರುವುದರಿಂದ ಅವುಗಳ ರಸಿಕತೆಯನ್ನು ಮಾತ್ರ ಮೆಚ್ಚಬೇಕು. ಕೊನೆಗಾಲಕ್ಕೆ ಪುರೋಹಿತಸ್ವಾಮಿಯೆಂಬ ಮಹಾರಾಷ್ಟ್ರ ಸಂನ್ಯಾಸಿಯೊಡಗೂಡಿ ಹತ್ತು ಉಪನಿಷತ್ತುಗಳನ್ನು ಆಂಗ್ಲಕ್ಕೆ ತಂದು 1937ರಲ್ಲಿ ಪ್ರಕಟಿಸಿದನು. ಯೇಟ್ಸನಿಗೆ ಸಂಸ್ಕೃತ ಬಾರದು. ಮೂಲವನ್ನು ಬಲ್ಲವರಿಗೆ ಅಲ್ಲಲ್ಲಿ ಕಣ್ಣು ಕುಕ್ಕುತ್ತದೆ. ಆದರೂ ಗಟ್ಟಿಯಾಗಿ ಓದಿದರೆ ಕಿವಿಗೆ ಹಿತವಾಗಿದೆ.

ಆ ವರ್ಷವೇ ಆತನು ಹೇಳಿದ ಇನ್ನೊಂದು ಮಾತು ನಮಗೆ ಅತ್ಯಂತ ಪ್ರಿಯವಾದುದು. ಕವಿಯು ಹುಡುಕಬೇಕಾದದ್ದು ಬರಿಯ ಬಳಕೆಯ ಪದಗಳನ್ನಲ್ಲ, ಆವೇಶವುಳ್ಳ ಗಟ್ಟಿಯಾದ ವಾಕ್ಯಬಂಧವನ್ನು. ವಾಕ್ಯವು ಮುಗಿಯುವಲ್ಲಿ ಪದ್ಯವೂ ಮುಗಿಯಬೇಕು. ಎಂದರೆ ಅನ್ವಯಶುದ್ಧಿ! ಐವತ್ತು ವರ್ಷ ಅಲೆದು ಆತನು ಬಂದು ಸೇರಿದ್ದು ನಮ್ಮ ಪಾಠಶಾಲೆಯ ಮೊದಲ ಪಾಠಕ್ಕೆ.

ಹಳೆಯ ಪದ್ಯಗಳನ್ನು ತಿದ್ದುವ ಚಟವು ಆತನಿಗೆ ಕಡೆಯವರೆಗೂ ಇತ್ತು. ಸ್ನೇಹಿತರು ಗೊಣಗಿದಾಗ, ತಾನು ತಿದ್ದುತ್ತಿರುವುದು ಪದ್ಯವನ್ನಲ್ಲ ತನ್ನನ್ನೇ ಎಂದು 1908ರಲ್ಲಿ ಉತ್ತರ ಕೊಟ್ಟನು. ಪ್ರೇಮದ ದುಃಖವನ್ನು ಕುರಿತು ತಾರುಣ್ಯದಲ್ಲಿ ಬರೆದ ಹಾಡೊಂದನ್ನು 1925ರಲ್ಲಿ ಹೊಸದಾಗಿಯೇ ಬರೆದುಬಿಟ್ಟನು. ಹೊಸದು ಬಲವಾಗಿದೆ, ಹಳೆಯದರ ಎಳಸು ಹಂಬಲ ಅದರಲ್ಲಿಲ್ಲ, ಎರಡನ್ನೂ ಪಕ್ಕದಲ್ಲಿಟ್ಟರೆ ನಾವು ಹಳೆಯದನ್ನೇ ಆರಿಸುವೆವು. ಆದರೆ ಇನಿಸ್‌ಫ್ರೀ ಪದ್ಯವನ್ನು, ದೋಷವನ್ನು ತಾನೇ ತೋರಿಸಿದರೂ, ಆತನು ತಿದ್ದಲಿಲ್ಲ. 1930ರ ದಶಕದಲ್ಲಿ ಬಿ.ಬಿ.ಸಿ. ಬಾನುಲಿಗಾಗಿ ಅದನ್ನು ಓದಿದ ಧ್ವನಿಮುದ್ರಿಕೆಯಿದೆ. ಪದ್ಯಗಳನ್ನು ಛಂದಸ್ಸಿಗೆ ತರಲು ತಾನು ಬಹಳ ಪಾಡುಪಟ್ಟಿರುವುದರಿಂದ ಗದ್ಯದಂತೆ ಓದುವುದಿಲ್ಲವೆಂದು ಮೊದಲೇ ಎಚ್ಚರಿಸಿ, ನಮ್ಮ ವೈದಿಕರು ಮಂತ್ರ ಹೇಳುವಂತೆ ರಾಗವಾಗಿ ಎಳೆದೆಳೆದು ಓದುತ್ತಾನೆ, ತಾನು ನಿರಾಕರಿಸಿದ ಆ ಮೊದಲ ಸಾಲನ್ನೂ ಸೇರಿಸಿ.

ನಾವು ಮೆಟ್ಟಲುಗಳನ್ನು ಮೆಲ್ಲಮೆಲ್ಲನೆ ಹತ್ತಿದೆವು. ಮೊಣಕಾಲಿಗೆ ಅದು ಸುಲಭವಾಗಿರಲಿಲ್ಲ. ಮೇಲೆ ಗಾಳಿ ಬಲವಾಗಿತ್ತು. ಗೋಪುರವನ್ನು ಈಗ ಊರಿನವರೇ ಸಂಘ ಕಟ್ಟಿಕೊಂಡು ನೋಡಿಕೊಳ್ಳುತ್ತಾರೆ. ಪ್ರವಾಹದಿಂದ ಕೆಟ್ಟು ಮುಚ್ಚಿದ್ದನ್ನು 2015ರಲ್ಲಿ ಮತ್ತೆ ತೆರೆದರು. ಚಳಿಗಾಲದಲ್ಲಿ ಹೊಳೆಯು ಈಗಲೂ ಕೆಳಗಣ ಕೊಠಡಿಯೊಳಕ್ಕೆ ನುಗ್ಗುತ್ತದೆಯಂತೆ. ನೀರು ಬಂದಾಗ ಏನು ಮಾಡುವಿರಿ ಎಂದು ಬಾಗಿಲಲ್ಲಿದ್ದ ಹೆಂಗಸನ್ನು ಕೇಳಿದೆವು. ಪುಸ್ತಕಗಳನ್ನು ಮೇಲಣ ಕೊಠಡಿಗೆ ಸಾಗಿಸಿ, ನೀರು ಇಳಿದ ಮೇಲೆ ಕೆಸರು ತೊಳೆದು, ವಸಂತಕ್ಕೆ ಮತ್ತೆ ಕೆಳಗೆ ತರುವೆವು ಎಂದಳು. ನಾವು ಬರುವಾಗ ಆಕೆಯು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಲು ತೊಡಗಿದ್ದಳು.